ಕಾಳಗಿಯಿಂದ ಕಂಡ ವೆಬ್

ಕಣ್ಣು ಮುಚ್ಚಿ ಯಾವುದಾದರೂ ಎರಡು ವೆಬ್ ಪುಟ ಆರಿಸಿಕೊಳ್ಳಿ. ಮೊದಲನೆಯದರಲ್ಲಿರುವ ಕೊಂಡಿಗಳನ್ನು ಒತ್ತುತ್ತ ಹೋದರೆ ಎರಡನೆಯದಕ್ಕೆ ಮುಟ್ಟಬಹುದೇ? 2000ದಲ್ಲಿ ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು ಆಲ್ಟಾವಿಸ್ಟಾ ಶೋಧಯಂತ್ರ ಕಲೆಹಾಕಿದ್ದ ಸುಮಾರು 20 ಕೋಟಿ ಪುಟ, 150 ಕೋಟಿ ಕೊಂಡಿಗಳನ್ನು ಇಟ್ಟುಕೊಂಡು ಇದನ್ನೇ ಲೆಕ್ಕ ಹಾಕಿದರು. ನಾಲ್ಕರಲ್ಲಿ ಮೂರು ಸಲ ದಾರಿಯೇ ಇರಲಿಲ್ಲ. ಅವರು ಬರೆದ ನಕ್ಷೆ ಕೊರಳಿಗೆ ಕಟ್ಟುವ ಬೋ ಟೈ ಆಕಾರದ್ದು. ನಡುವೆ ಒಂದಕ್ಕೊಂದು ಹೆಣೆದುಕೊಂಡ ದಟ್ಟ ಗಂಟು, ಅದರೊಳಕ್ಕೆ ಹರಿಯುವ ಪುಟಗಳು ಒಂದು ಕಡೆ, ಅದರಿಂದ ಹೊರಕ್ಕೆ ಹರಿಯುವವು ಇನ್ನೊಂದು ಕಡೆ. ಸುತ್ತ ಎಲ್ಲಿಗೂ ಸೇರದ ಎಳೆಗಳು, ಬಿಡಿ ದ್ವೀಪಗಳು.

ಮನುಷ್ಯರೇ ಕಟ್ಟಿದ ವಸ್ತು, ಕಟ್ಟಿ ಹತ್ತು ವರ್ಷವಾಗಿತ್ತು ಅಷ್ಟೆ. ಅಷ್ಟರಲ್ಲೇ ಅದರ ಆಕಾರ ಎಂಥದ್ದೆಂದು ಹೊರಗಿನಿಂದ ಅಳೆದು ತಿಳಿಯಬೇಕಾಯಿತು! ವೆಬ್ ವಿಜ್ಞಾನ ಎಂಬ ಶಾಸ್ತ್ರ ಹುಟ್ಟಿದ್ದೇ ಈ ಬೆರಗಿನಿಂದ. ಆ ನಕ್ಷೆಯ ನಡುಗಂಟಿನ ಬಗ್ಗೆ ಸಾಕಷ್ಟು ಓದಿದ್ದೆ. ಅಂಚಿನಲ್ಲಿ ನಿಂತರೆ ಏನು ಕಾಣುತ್ತದೆಂದು ನೋಡುವ ಆಸೆಯಿಂದ ಜನವರಿಯ ಒಂದು ಬೆಳಿಗ್ಗೆ ಕಲಬುರಗಿಯಲ್ಲಿ ಕಾಳಗಿಯ ಬಸ್ ಹತ್ತಿದೆ.

ತೊಗರಿ ರಾಶಿಯ ದಿನಗಳು. ಹೊಲಗಳಲ್ಲಿ ಯಂತ್ರದ ಸದ್ದು, ರಸ್ತೆಯಂಚಿನಲ್ಲಿ ಹೊಟ್ಟಿನ ಗುಡ್ಡೆ, ಬಸ್ಸಿನೊಳಗೆ ಬರೀ ರೇಟಿನ ಮಾತು. ಕಪ್ಪು ಎರೆಮಣ್ಣು ಮುಗಿಯುವಲ್ಲೆಲ್ಲ ಸುಣ್ಣಕಲ್ಲಿನ ಹಾಸು ತಲೆಯೆತ್ತುತ್ತದೆ. ಈ ಸೀಮೆಯ ಮನೆಯ ಗೋಡೆ, ಅಂಗಳ, ಮಾಳಿಗೆ ಎಲ್ಲವೂ ಆ ಕಲ್ಲಿನವೇ. ಶಹಾಬಾದಿನ ಪರಸಿ ಕಲ್ಲು ಇಲ್ಲಿಂದ ಎಲ್ಲೆಲ್ಲಿಗೋ ಹೋಗಿದೆ.

ಕಾಳಗಿ ಮೊದಲು ಚಿತ್ತಾಪುರ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ರೌದ್ರಾವತಿಯ ದಂಡೆಯ ನೀಲಕಂಠ ಕಾಳೇಶ್ವರನ ಗುಡಿ, ಅಲ್ಲಿನ ಬುಗ್ಗೆ ನೀರು ನೋಡಿಕೊಂಡು ಪೇಟೆಗೆ ಬಂದೆ. ಝೆರಾಕ್ಸ್ ಯಂತ್ರ, ಪ್ರಿಂಟರ್, ಒಂದು ಕಂಪ್ಯೂಟರ್ ಇಟ್ಟುಕೊಂಡ ಆನ್‌ಲೈನ್ ಅಂಗಡಿಯಲ್ಲಿ ಒಬ್ಬ ಮುತ್ಯಾ ಪರದೆಯತ್ತ ಬಾಗಿ ನಿಂತಿದ್ದ.

"ತಮ್ಮಾ, ನನ್ ಹೊಲ ಇದರಾಗ ಅದನೋ ಇಲ್ಲೋ ನೋಡಪ್ಪಾ."

"ಅದ ಮುತ್ಯಾ, ಎಲ್ಲಿಗಿ ಹೋಗ್ತದ? ಸರ್ವೆ ನಂಬರ್ ಹೇಳು."

ಮುತ್ಯಾ ನಂಬರ್ ಹೇಳಿದ, ಹುಡುಗ ಒತ್ತಿದ, ಪಹಣಿ ಮೂಡಿತು. ತನ್ನ ಹೆಸರನ್ನು ಓದಿಸಿ ಕೇಳಿದ ಮೇಲೆ ಮುತ್ಯಾನ ಮುಖ ಅರಳಿತು. ನಾನು ಮಾತ್ರ ಆ ಪುಟವನ್ನೇ ನೋಡುತ್ತ ನಿಂತೆ. ಭೂಮಿ ಯೋಜನೆಯಲ್ಲಿ ಕರ್ನಾಟಕ ಈ ಶತಮಾನದ ಆರಂಭದಲ್ಲೇ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆದರೆ ಯಾವ ಕೊಂಡಿ ಹಿಡಿದು ಹೋದರೂ ಈ ಪುಟ ಸಿಗುವುದಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಕೊಟ್ಟು ಕೇಳಿದಾಗ ಅದು ಹುಟ್ಟುತ್ತದೆ, ಕಿಟಕಿ ಮುಚ್ಚಿದರೆ ಇಲ್ಲವಾಗುತ್ತದೆ. ಕೊಂಡಿಯಿಂದ ಕೊಂಡಿಗೆ ಜಿಗಿಯುತ್ತ ಪುಟಗಳನ್ನು ಸಂಗ್ರಹಿಸುವ ಶೋಧಯಂತ್ರಕ್ಕೆ ಮುತ್ಯಾನ ಸರ್ವೆ ನಂಬರ್ ಗೊತ್ತಿಲ್ಲ. ಸಂಶೋಧಕರು ಇದನ್ನು ಆಳದ ವೆಬ್ ಎನ್ನುತ್ತಾರೆ. ಬ್ರೋಡರ್ ನಕ್ಷೆಯಲ್ಲಿ ಇಂಥ ಪುಟಗಳಿಗೆ ದ್ವೀಪದ ಜಾಗವೂ ಇಲ್ಲ. ಕಾಳಗಿಯ ಜನಕ್ಕೆ ಎಲ್ಲಕ್ಕಿಂತ ಬೇಕಾದ ವೆಬ್ ಪುಟವೇ ಪ್ರಪಂಚದ ಅತಿ ಪ್ರಸಿದ್ಧ ವೆಬ್ ನಕ್ಷೆಯ ಹೊರಗಿದೆ. ಇದು ಓದಿ ತಿಳಿದದ್ದೇ. ಆದರೂ ಆ ಮುತ್ಯಾನ ಪಕ್ಕ ನಿಂತು ಕಂಡಾಗ ಮೈ ಜುಮ್ಮೆಂದಿತು.

ಈ ಶಾಸ್ತ್ರದ ಹಿಂದಿನ ಕತೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1989ರ ಮಾರ್ಚಿನಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮಾಹಿತಿ ನಿರ್ವಹಣೆಯ ಬಗ್ಗೆ ಒಂದು ಪ್ರಸ್ತಾವ ಬರೆದರು, ವೆಬ್ ಹುಟ್ಟಿದ್ದು ಅದರಿಂದಲೇ. ಅದೇ ಕಾಲದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ವೆಂಡಿ ಹಾಲ್ ತಮ್ಮ ತಂಡದೊಂದಿಗೆ ದಾಖಲೆಗಳನ್ನು ಕೊಂಡಿಗಳಿಂದ ಬೆಸೆಯುವ ಮೈಕ್ರೋಕಾಸ್ಮ್ ಎಂಬ ವ್ಯವಸ್ಥೆ ಕಟ್ಟುತ್ತಿದ್ದರು. ಅದರಲ್ಲಿ ಕೊಂಡಿಗಳು ದಾಖಲೆಯೊಳಗೆ ಇರದೆ ಬೇರೆಯೇ ಭಂಡಾರದಲ್ಲಿ ಜೋಪಾನವಾಗಿರುತ್ತಿದ್ದವು. ಬರ್ನರ್ಸ್-ಲೀ ಕೊಂಡಿಯನ್ನು ಪುಟದೊಳಗೇ ಹಾಕಿದರು, ಅದು ಒಂದೇ ದಿಕ್ಕಿಗೆ ಹೋಗುತ್ತಿತ್ತು, ಕಡಿದು ಹೋದರೂ ಹೋಗಲಿ ಎಂದು ಬಿಟ್ಟರು. ಹೈಪರ್‌ಟೆಕ್ಸ್ಟ್, ಅಂದರೆ ಕೊಂಡಿಗಳುಳ್ಳ ಬರಹದ ಬಗ್ಗೆ 1991ರಲ್ಲಿ ನಡೆದ ಸಮ್ಮೇಳನಕ್ಕೆ ಅವರು ಕಳಿಸಿದ ಪ್ರಬಂಧ ಪೂರ್ಣ ಪ್ರಬಂಧವಾಗಿ ಸ್ವೀಕಾರವಾಗಲಿಲ್ಲ, ಪ್ರಾತ್ಯಕ್ಷಿಕೆಗೆ ಮಾತ್ರ ಅವಕಾಶ ಸಿಕ್ಕಿತು. ಆದರೆ ಯಾರನ್ನೂ ಕೇಳದೆ ಯಾರಿಗೂ ಕೊಂಡಿ ಹಾಕಬಹುದೆಂಬ ಆ ಸಡಿಲಿಕೆಯೇ ವೆಬ್ಬನ್ನು ಬೆಳೆಸಿತು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 1996ರಲ್ಲಿ ಯು.ಬಿ. ಪವನಜರ ವಿಶ್ವಕನ್ನಡ ಜಾಲತಾಣದ ಮೂಲಕ ಕನ್ನಡ ವೆಬ್ಬಿಗೆ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು.

2006ರಲ್ಲಿ ಬರ್ನರ್ಸ್-ಲೀ, ವೆಂಡಿ ಹಾಲ್, ಜೇಮ್ಸ್ ಹೆಂಡ್ಲರ್, ನೈಜೆಲ್ ಶಾಡ್‌ಬೋಲ್ಟ್, ಡೇನಿಯಲ್ ವೈಟ್ಸ್‌ನರ್ ಸೇರಿ 'ಸೈನ್ಸ್' ಪತ್ರಿಕೆಯಲ್ಲಿ ವೆಬ್ಬಿಗೇ ಒಂದು ವಿಜ್ಞಾನ ಬೇಕೆಂದು ಬರೆದರು. ಕಂಪ್ಯೂಟರ್ ಬಲ್ಲವರಷ್ಟೇ ಸಾಲದು, ಸಮಾಜಶಾಸ್ತ್ರಜ್ಞರು, ವಕೀಲರು, ಅರ್ಥಶಾಸ್ತ್ರಜ್ಞರು ಜೊತೆಗೆ ಕೂಡಬೇಕು ಎಂಬುದು ಅವರ ವಾದ. ಒಂದು ಕೊಂಡಿಯ ಹಿಂದೆ ಯಾವಾಗಲೂ ಒಬ್ಬ ಮನುಷ್ಯನ ಮನಸ್ಸಿರುತ್ತದೆಯಲ್ಲ. ಬೆಂಗಳೂರಿನ ಐಐಐಟಿಯಲ್ಲಿ ಶ್ರೀನಾಥ್ ಶ್ರೀನಿವಾಸ ಅವರ ನೇತೃತ್ವದ ವೆಬ್ ವಿಜ್ಞಾನ ಪ್ರಯೋಗಾಲಯ ಇದೇ ಹಾದಿಯದು. 2011ರಲ್ಲಿ ವಿಶ್ವ ವೆಬ್ ಸಮ್ಮೇಳನದ 20ನೇ ಆವೃತ್ತಿ ಹೈದರಾಬಾದಿನಲ್ಲಿ ನಡೆಯಿತು. ಕಾಳಗಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ವೆಬ್ಬಿಗಿಂತ ಬಹಳ ಹಿಂದೆ ಈ ಸೀಮೆ ಬರಹವನ್ನು ಹೇಗೆ ಕಾಯ್ದಿತ್ತೆಂದು ನೋಡಲು ಮರುದಿನ ಚಿತ್ತಾಪುರ ದಾಟಿ ನಾಗಾವಿಗೆ ಹೋದೆ. ನಾಗಾವಿಯಲ್ಲಿ ಯಲ್ಲಮ್ಮನ ಗುಡಿಗೆ ಬರುವ ಜನವೇ ಹೆಚ್ಚು. ಅರವತ್ತು ಕಂಬದ ಗುಡಿಯತ್ತ ಹೊರಳುವವರು ಕಡಿಮೆ. ಇಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ ಇತ್ತು. 1058ರ ಶಾಸನ ಅದರ ಲೆಕ್ಕವನ್ನೇ ಕೊಡುತ್ತದೆ: ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಐವತ್ತರಷ್ಟು, ಅವರಿಗೆ ಉಪಾಧ್ಯಾಯರು, ಮತ್ತೆ 6 ಜನ ಸರಸ್ವತೀ ಭಂಡಾರಿಗರು. ಈ ಭಂಡಾರಿಗರು ತಾಳೆಗರಿಯ ಕಟ್ಟುಗಳನ್ನು ಕಾಯ್ದು, ಬೇಕಾದವರಿಗೆ ಬೇಕಾದದ್ದನ್ನು ತೆಗೆದುಕೊಡುವವರು. ಅವರ ಜೀವನಕ್ಕೂ ಭೂಮಿ ಬಿಟ್ಟಿದ್ದರು.

ಗುಡಿಯ ಕಂಬಗಳ ನೆರಳಲ್ಲಿ ಕೂತು ಆ ಆರು ಜನರ ಬಗ್ಗೆಯೇ ಯೋಚಿಸಿದೆ. ಸುಮಾರು ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಪುಸ್ತಕ ಕಾಯುವವರು ಆರು ಮಂದಿ! ವೆಬ್ಬಿಗೆ ಅಂಥ ಕಾವಲು ಎಷ್ಟಿದೆ? 2013ರಲ್ಲಿದ್ದ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷ ಕಳೆಯುವುದರೊಳಗೆ ಸಿಗದಂತಾಗಿದ್ದವು ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ತೋರಿಸಿತು. ಬ್ರೂಸ್ಟರ್ ಕೇಲ್ 1996ರಲ್ಲಿ ಆರಂಭಿಸಿದ ಇಂಟರ್‌ನೆಟ್ ಆರ್ಕೈವ್ ಹಳೆಯ ಪುಟಗಳ ಪ್ರತಿಗಳನ್ನು ಕೂಡಿಡುತ್ತ ಬಂದಿದೆ. ಅದಿಲ್ಲದಿದ್ದರೆ ವೆಬ್ಬಿನ ಚರಿತ್ರೆ ಬರೆಯಲು ಬೇಕಾದ ಬಹುಪಾಲು ಆಧಾರ ಉಳಿಯುತ್ತಿರಲಿಲ್ಲ. ಕನ್ನಡದ ಪಾಲು ಇನ್ನೂ ತೆಳು. 2011ರ ಜನಗಣತಿಯಲ್ಲಿ 4.37 ಕೋಟಿ ಜನರ ತಾಯ್ನುಡಿ ಇದು, ಆದರೆ ವೆಬ್ಬಿನ ಪುಟಗಳಲ್ಲಿ ಕನ್ನಡದ್ದು ಶೇಕಡಾ 0.1ಕ್ಕೂ ಕಡಿಮೆ. ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರಗಳು ಮಾತು ಕಲಿಯುವುದು ಬಹುಮಟ್ಟಿಗೆ ಆ ಪುಟಗಳನ್ನು ಓದಿಯೇ. ಅಲ್ಲಿ ಇಲ್ಲದ್ದು ಅವಕ್ಕೆ ಗೊತ್ತಾಗುವ ದಾರಿಯೂ ಕಡಿಮೆ.

ಆದರೆ ನನ್ನನ್ನು ಮೂಕನಾಗಿಸಿದ ಕಲ್ಲು ಇದ್ದದ್ದು ನಾನು ಮುಂದೆ ಹೋದ ಸನ್ನತಿಯಲ್ಲಿ.

ಭೀಮಾ ನದಿಯ ದಂಡೆ, ಚಂದ್ರಲಾಂಬೆಯ ಗುಡಿ. ಆ ಆವರಣದ ಕಾಳಿಯ ಗುಡಿಯ ಛಾವಣಿ 1980ರ ದಶಕದಲ್ಲಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ತೆಗೆದು ನೋಡಿದರೆ ಅದು ಅಶೋಕನ ಶಾಸನ! ಎರಡೂ ಮೈಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಮೂರ್ತಿ ಕೂರಿಸಲು ಯಾರೋ ನಟ್ಟ ನಡುವೆ ತೂತು ಕೊರೆದಿದ್ದರಿಂದ ಎರಡೂ ಕಡೆಯ ಅಕ್ಷರಗಳು ಒಂದಷ್ಟು ನಷ್ಟವಾಗಿವೆ. ಒಂದು ಮೈಯಲ್ಲಿ ಅಶೋಕನ ಬಂಡೆಶಾಸನಗಳ ಸಾಲಿನ 12 ಮತ್ತು 14ನೆಯ ಶಾಸನಗಳು, ಇನ್ನೊಂದು ಮೈಯಲ್ಲಿ ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು.

14ನೆಯ ಶಾಸನದ ವಿಷಯ ಶಾಸನಗಳೇ. ತನ್ನ ಬರಹ ಕೆಲವೆಡೆ ಚಿಕ್ಕದಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇದೆಯೆಂದೂ, ಎಲ್ಲ ಕಡೆಗೂ ಎಲ್ಲವೂ ಹೊಂದುವುದಿಲ್ಲವೆಂದೂ, ಇಷ್ಟವಾದ ಮಾತನ್ನು ಮತ್ತೆ ಮತ್ತೆ ಹೇಳಿದೆಯೆಂದೂ, ಬರೆಯುವವನ ತಪ್ಪಿನಿಂದ ಕೆಲವು ಅಪೂರ್ಣವಾಗಿರಬಹುದೆಂದೂ ಅಶೋಕ ಅದರಲ್ಲಿ ತಿಳಿಸುತ್ತಾನೆ. ಒಂದೇ ಬರಹ ಅಫ್ಘಾನಿಸ್ತಾನದ ಅಂಚಿನಿಂದ ಭೀಮೆಯ ದಂಡೆಯವರೆಗೆ ಹಬ್ಬುವಾಗ ಏನಾಗುತ್ತದೆ, ಎಲ್ಲಿ ಕಡಿತವಾಗುತ್ತದೆ, ಎಲ್ಲಿ ಕೈತಪ್ಪು ಬರುತ್ತದೆ ಎಂಬುದನ್ನು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ದೊರೆ ಗಮನಿಸಿ ಕಲ್ಲಿನಲ್ಲಿ ಕೊರೆಸಿದ್ದಾನೆ. ಸುದ್ದಿಯೊಂದು ಫೋನಿನಿಂದ ಫೋನಿಗೆ ಹೇಗೆ ರೂಪ ಬದಲಿಸುತ್ತದೆ ಎಂದು ಇಂದಿನ ವೆಬ್ ವಿಜ್ಞಾನಿ ಕೇಳುವುದೂ ಇದನ್ನೇ. ಇನ್ನು 12ನೆಯದು ನುಡಿಯ ಸಂಯಮದ ಬಗ್ಗೆ, ತನ್ನ ಪಂಥವನ್ನು ಹೊಗಳುತ್ತ ಬೇರೆಯವರದನ್ನು ಹಳಿಯಬಾರದೆಂಬುದರ ಬಗ್ಗೆ. ಮಾತು ಹಬ್ಬುವ ಬಗೆಯೂ ಮಾತಿನ ಹೊಣೆಯೂ ಒಂದೇ ಕಲ್ಲಿನ ಒಂದೇ ಮೈಯಲ್ಲಿ! ನನ್ನ ಪಾಲಿಗೆ ವೆಬ್ ವಿಜ್ಞಾನದ ಮೊದಲ ಪಾಠ ಅದೇ. ಅದು ಸಿಕ್ಕಿದ್ದು ಅಶೋಕನ ರಾಜಧಾನಿ ಪಾಟಲಿಪುತ್ರದಲ್ಲಲ್ಲ, ಆತನ ರಾಜ್ಯದ ಈ ತುದಿಯಲ್ಲಿ. ಕಳಿಂಗದಲ್ಲಿ ಆತ 12ನೆಯದನ್ನು ಬರೆಸಲಿಲ್ಲ, ಇಲ್ಲಿ ಬರೆಸಿದ. ಎರಡೂ ಜಾಗ ಹೋಲಿಸಿದಾಗ ಮಾತ್ರ ಆತನ ಆಯ್ಕೆ ಕಾಣುತ್ತದೆ. ವೆಬ್ಬನ್ನೂ ಹೀಗೆ ಅಂಚುಗಳಿಂದ ಅಂಚುಗಳಿಗೆ ಹೋಲಿಸಿ ನೋಡುವವರು ಬೇಕು.

ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುವಾಗ ಬೆಂಚಿನಲ್ಲಿ ಪಕ್ಕ ಕೂತವಳು ಕಲಬುರಗಿಯಲ್ಲಿ ಬಿಸಿಎ ಓದುವ ಹುಡುಗಿ. ನಾನು ಕಂಡದ್ದನ್ನೆಲ್ಲ ಹೇಳಿದೆ. ಮುಂದಿನ ವೆಬ್ ಕಣ್ಣಿಂದ ಓದುವ ಪುಟಗಳಿಂದ ದನಿಯ ಕಡೆಗೆ ಸರಿಯುತ್ತಿದೆ ಎಂದೂ ಹೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ವಾಣಿ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಅವರ ಮಾತಿನಲ್ಲೇ ವಿವರಿಸಲು ಕೇಳಿ, ದನಿಯನ್ನು ಸಂಗ್ರಹಿಸುತ್ತಿರುವುದನ್ನು ತಿಳಿಸಿದೆ.

"ಹಂಗಾರ ನಮ್ಮ ಮಾತೂ ಅದಕ್ಕ ತಿಳೀತದೇನ್ರಿ ಸರ್?"

ತಿಳಿಯುವಂತೆ ಮಾಡುವುದೂ, ತಿಳಿದದ್ದು ಸರಿಯೋ ಎಂದು ಅಳೆಯುವುದೂ ನಿಮ್ಮಂಥವರ ಕೆಲಸ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ತಮ್ಮ ಊರಲ್ಲಿ ತೊಗರಿ ರೇಟು ದಿನಾ ಮುಂಜಾನೆ ಹತ್ತು ಗಂಟೆಗೆ ಎಲ್ಲರ ಬಾಯಲ್ಲೂ ಇರುತ್ತದೆ, ಆದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಇರುತ್ತದೆ ಎಂದಳು. ಕಲಬುರಗಿ ಎಪಿಎಂಸಿಯಲ್ಲಿ ಸವಾಲು ಆದ ರೇಟು ಊರು ಮುಟ್ಟುವುದರೊಳಗೆ ಯಾರ ಫೋನಿನಲ್ಲಿ ಎಷ್ಟು ಬದಲಾಗುತ್ತದೆ ಎಂದು ನೋಡಬಹುದೇ ಎಂದು ಕೇಳಿದಳು. ನೋಡಬಹುದು, ಆದರೆ ಪ್ರತಿಯೊಬ್ಬರನ್ನೂ ಕೇಳಿ, ಅವರು ಒಪ್ಪಿದರೆ ಮಾತ್ರ ಎಂದೆ. ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು.

"ಮೊದ್ಲ ನಮ್ಮ ಕಾಕಾಗ ಕೇಳ್ತೀನ್ರಿ, ಆಮ್ಯಾಲ ಅಡತಿಯವರಿಗಿ. ಅವರು ವಾಯ್ಸ್ ಮೆಸೇಜೇ ಕಳಸ್ತಾರ. ಅದನ್ನ ಟೈಮ್ ಸಮೇತ ಬರಕೊಂಡ್ರ ಸಾಕೇನ್ರಿ, ಇಲ್ಲಾ ದನಿನೂ ಇಟ್ಕೋಬೇಕಾ?"