ನಾವು ಯಾವ ಸೈಕಲ್ ತಗೊಂಡೆವು, ಯಾಕೆ?

ತಂಗಿಯ ಕಾಲೇಜು ಊರಿಂದ 9 ಕಿ.ಮೀ. ಸಂಜೆಯ ಬಸ್ಸನ್ನು ನಂಬುವ ಹಾಗಿಲ್ಲ. ಒಂದು ಹೈಬ್ರಿಡ್ ಸೈಕಲ್ ಕೊಡಿಸೋಣ ಅಂತ ಮನೆಮಂದಿಯೆಲ್ಲ ಅಂಗಡಿಗೆ ಹೋದೆವು.

ಒಂದೇ ಮಾಡೆಲ್, ಎರಡು ಬಗೆ. ಕಡಿಮೆ ಬೆಲೆಯದಕ್ಕೆ ರಿಮ್ ಹಿಡಿಯುವ ವಿ-ಬ್ರೇಕ್, 7 ಗೇರ್. ನಾಲ್ಕು ಸಾವಿರ ಹೆಚ್ಚಿನದಕ್ಕೆ ಡಿಸ್ಕ್ ಬ್ರೇಕ್, 21 ಗೇರ್, ಮುಂದೆ ಸಸ್ಪೆನ್ಷನ್.

ತಂಗಿಗೆ ಡಿಸ್ಕ್‌ನದೇ ಬೇಕು. ಅವಳ ಮಾತು ಸುಳ್ಳಲ್ಲ. ಮಳೆಯಲ್ಲಿ ರಿಮ್ ಒದ್ದೆಯಾದರೆ ವಿ-ಬ್ರೇಕ್ ತಡವಾಗಿ ಹಿಡಿಯುತ್ತೆ. ನಮ್ಮ ದಾರಿಯಲ್ಲಿ ಹಳ್ಳದ ಇಳಿಜಾರು ಬೇರೆ ಇದೆ.

ಆದರೆ ರಿಪೇರಿ? ವಿ-ಬ್ರೇಕಿನ ರಬ್ಬರ್ ಸವೆದರೆ ಊರಿನ ಸೈಕಲ್ ಶಾಪ್‌ನಲ್ಲೇ ಹತ್ತು ನಿಮಿಷದ ಕೆಲಸ. ಡಿಸ್ಕ್ ಬೆಂಡಾದರೆ ಸೈಕಲ್ಲನ್ನು ಪೇಟೆಗೆ ಸಾಗಿಸಬೇಕು. ಅಷ್ಟು ದಿನ ಕಾಲೇಜು ತಪ್ಪುತ್ತೆ. ಸಸ್ಪೆನ್ಷನ್ನಿಂದ ಏರಿನಲ್ಲಿ ತುಳಿಯುವ ಭಾರವೂ ಹೆಚ್ಚು.

ಕೊನೆಗೆ ವಿ-ಬ್ರೇಕಿನದೇ ತಂದೆವು. ಉಳಿದ ದುಡ್ಡಲ್ಲಿ ಮಡ್‌ಗಾರ್ಡ್, ಕ್ಯಾರಿಯರ್, ಹಿಂದೆ-ಮುಂದೆ ಲೈಟ್ ಹಾಕಿಸಿದೆವು. ಮಳೆ ಬಂದರೆ ಇಳಿಜಾರಿಗೆ ಮೊದಲೇ ಎರಡೂ ಬ್ರೇಕ್ ಮೆಲ್ಲಗೆ ಹಿಡಿದು ರಿಮ್ಮಿನ ನೀರು ಒರೆಸಬೇಕು, ಜೋರು ಮಳೆಯಾದರೆ ಇಳಿದು ತಳ್ಳಬೇಕು ಅಂತ ಮಾತಾಗಿದೆ.

ನೀವೂ ಸೈಕಲ್ ತರುವ ಮುಂಚೆ ನಿಮ್ಮೂರಿನ ರಿಪೇರಿಯವರನ್ನೊಮ್ಮೆ ಕೇಳಿ. ನಾವು ಮಾಡಿದ್ದು ಸರಿ ಅಂತಲೇ ಅನಿಸುತ್ತೆ. ಆದರೂ ಮಳೆಯ ದಿನ ತಂಗಿ ಬರುವವರೆಗೂ ಅವ್ವ ಬಾಗಿಲು ಬಿಟ್ಟು ಏಳಲ್ಲ.