ದನಕ್ಕೆ ಹಾಕಿದ್ದು ಲೋಟಕ್ಕೆ

ಹಾಸನ ಬಿಟ್ಟು ಹೊಳೆನರಸೀಪುರದ ದಾರಿ ಹಿಡಿದಿದ್ದೀರಿ. ಅಕ್ಟೋಬರ್ ಕೊನೆ. ರಾತ್ರಿಯೆಲ್ಲ ಹುಯ್ದ ಮಳೆ ಬೆಳಿಗ್ಗೆ ಬಿಟ್ಟಿದೆ. ಡಾಂಬರು ಬಿಸಿಯೇರುತ್ತಿದ್ದಂತೆ ಟಾರ್ಪಾಲು ಸರಿಯುತ್ತವೆ, ರಸ್ತೆಯ ಅರ್ಧ ಭಾಗ ಹಳದಿಯಾಗುತ್ತದೆ. ಮುಸುಕಿನ ಜೋಳ. ಅಂಚಿಗೆ ಕಲ್ಲು ಇಟ್ಟಿದ್ದಾರೆ. ಬಸ್ಸು ಹಾರನ್ ಹೊಡೆದು ಪಕ್ಕಕ್ಕೆ ಸರಿದು ಹೋಗುತ್ತದೆ.

ಬೈಕು ನಿಲ್ಲಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬರು ಬರಿಗಾಲಲ್ಲಿ ಕಾಳಿನ ನಡುವೆ ಸಾಲು ಎಳೆಯುತ್ತಿದ್ದಾರೆ. “ಒಣಗ್ತಾ ಅಕ್ಕಾ?” ಅಂದರೆ ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಾರೆ. ಕಟಕ್ ಅನ್ನಬೇಕಿತ್ತು, ಅನ್ನಲಿಲ್ಲ. “ಇನ್ನೂ ಎರಡು ಬಿಸಿಲು ಬೇಕು ಕಣಣ್ಣ.”

ಎಲ್ಲವೂ ನಿಂತಿರುವುದು ಆ ಎರಡು ಬಿಸಿಲಿನ ಮೇಲೆ. ಕೊಯ್ಲಿನ ಹೊತ್ತಿಗೆ ಶೇ. 20ರ ಮೇಲಿರುವ ತೇವ 12–13ಕ್ಕೆ ಇಳಿಯದೆ ಚೀಲ ಸೇರಿದರೆ ಒಳಗೇ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಆಲೂಗಡ್ಡೆ ಕೈಕೊಟ್ಟ ಮೇಲೆ ಜೋಳಕ್ಕೆ ಹೊರಳಿದ ಸೀಮೆ ಇದು. ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್ ಪಕ್ಕದಲ್ಲೂ ಚನ್ನರಾಯಪಟ್ಟಣದ ತೆಂಗಿನ ಸಾಲಿನಾಚೆಯೂ ಇದೇ ಹಳದಿ, ಆಕಾಶದ ಮೇಲೆ ಇದೇ ಕಣ್ಣು.

ಪಕ್ಕದಲ್ಲೊಂದು ಸಣ್ಣ ಗುಡ್ಡೆ ಬೇರೆ ಇದೆ. ಅದರಿಂದ ಒಂದು ತೆನೆ ಎತ್ತಿಕೊಳ್ಳಿ. ತುದಿಯಲ್ಲಿ ಹುಳು ಕೊರೆದ ಗುರುತು. ಅಲ್ಲಿಂದ ಕೆಳಕ್ಕೆ ಕಾಳಿನ ಸಂದಿಯಲ್ಲಿ ಹಳದಿ ಬೆರೆತ ಹಸಿರು ಹುಡಿ. ಉಗುರು ತಾಗಿದರೆ ಹೊಗೆಯಂತೆ ಏಳುತ್ತದೆ, ಮುಗ್ಗಲು ವಾಸನೆ ಗಂಟಲಿಗೆ ಹತ್ತುತ್ತದೆ. ಆಸ್ಪರ್ಜಿಲಸ್ ಫ್ಲೇವಸ್.

“ಇದನ್ನೇನ್ಮಾಡ್ತೀರಿ?”

“ಮಾರಕ್ಕೆ ಬರಲ್ಲ. ನುಚ್ಚು ಮಾಡ್ಸಿ ದನಕ್ಕೆ ಹಾಕ್ತೀವಿ.”

ಈ ಬೂಷ್ಟು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು, 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತ ಮೇಲೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆಂದ ಇದೇ ಜೋಳ ಉಂಡು, ಕಾಮಾಲೆಯಾಗಿ ಹೊಟ್ಟೆ ಊದಿ 100ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರ ಊಟದ ಪಾಲು ತಿಂದ ನಾಯಿಗಳೂ ಉಳಿಯಲಿಲ್ಲ.

ಹಸು ಅಷ್ಟು ಬೇಗ ಸಾಯುವುದಿಲ್ಲ. ತಿಂದ ವಿಷದಲ್ಲಿ ಸ್ವಲ್ಪ ಭಾಗ ದಿನದೊಳಗೇ ರೂಪ ಬದಲಿಸಿ, ಅಫ್ಲಾಟಾಕ್ಸಿನ್ ಎಂ1 ಆಗಿ ಕೆಚ್ಚಲಿಗೆ ಇಳಿಯುತ್ತದೆ. ಸಂಜೆ ಡೈರಿಯ ಮೆಷಿನ್ನು ಫ್ಯಾಟ್ ಹೇಳುತ್ತದೆ, ಎಸ್‌ಎನ್‌ಎಫ್ ಹೇಳುತ್ತದೆ; ಇದನ್ನು ಹೇಳುವುದಿಲ್ಲ. ಒಲೆಯ ಮೇಲೆ ಎಷ್ಟು ಉಕ್ಕಿಸಿದರೂ ಹೋಗುವುದಿಲ್ಲ. ಕಾನೂನು ಒಂದು ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ಒಪ್ಪುವುದಿಲ್ಲ. ಲೆಕ್ಕ ಹಾಕಿ: 2,000 ಟನ್ ಹಾಲಿಗೆ ಒಂದೇ ಗ್ರಾಂ.

ತೆಗೆಯುವ ದಾರಿ ಇಲ್ಲವೇ? ಇದೆ. ಪಶು ಆಹಾರಕ್ಕೆ ಬೆಂಟೋನೈಟ್ ಎಂಬ ಜೇಡಿಮಣ್ಣಿನ ಪುಡಿ ಬೆರೆಸಿದರೆ ವಿಷ ಕರುಳಿನಲ್ಲಿ ಅದಕ್ಕೆ ಅಂಟಿ ಸಗಣಿಯಲ್ಲಿ ಹೋಗುತ್ತದೆ, ಪೂರ್ತಿಯಲ್ಲ, ಒಂದು ಮಟ್ಟಿಗೆ. ಗಾಣದ ಕಡಲೆಕಾಯಿ ಎಣ್ಣೆಯಲ್ಲಿರುವ ವಿಷವನ್ನು ಬಿಸಿಲು ಮುರಿಯುತ್ತದೆ ಎಂದು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1970ರ ದಶಕದಲ್ಲೇ ತೋರಿಸಿದರು. ಆದರೆ ಎಣ್ಣೆಯೊಳಗೆ ಹಾಯುವ ಬೆಳಕು ಕಾಳಿನೊಳಗೆ ಹಾಯುವುದಿಲ್ಲ. ರಸ್ತೆಯ ಬಿಸಿಲು ಮುಂದೆ ಬೆಳೆಯುವ ಬೂಷ್ಟನ್ನು ತಡೆದೀತು. ಆಗಲೇ ಸೇರಿದ ವಿಷವನ್ನಲ್ಲ.

ಉಳಿಯುವುದು ಮೊರ. ವಿಷ ರಾಶಿಗೆಲ್ಲ ಸಮನಾಗಿ ಹರಡಿರುವುದಿಲ್ಲ. ಬಣ್ಣಗೆಟ್ಟ, ಒಡೆದ, ಹುಳು ತಿಂದ ಕೆಲವೇ ಕಾಳಿನಲ್ಲಿ ಒಟ್ಟಾಗಿರುತ್ತದೆ. ಆ ಅಕ್ಕ ಮೊರ ಹಿಡಿದು ಕೂರುತ್ತಾರೆ. ಜೊಳ್ಳು, ಹುಡಿ ಗಾಳಿಗೆ ಹಾರುತ್ತವೆ. ಕಪ್ಪು ಕಾಳನ್ನು ಬೆರಳು ಹೆಕ್ಕುತ್ತದೆ. ಅರ್ಧ ಗಂಟೆಗೆ ಒಂದು ಬೊಗಸೆ.

ಅದನ್ನು ತಿಪ್ಪೆಗೆ ಎಸೆಯಲು ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ. ತಿಪ್ಪೆಯ ಮೇಲೆ ಹೇಂಟೆ, ಹಿಂದೆ ಏಳು ಮರಿ.

“ಕೋಳಿಗೂ ಬ್ಯಾಡ್ವಾ?”

“ಬೇಡಕ್ಕ.”

ಅವರು ಮೊರ ಕೆಳಗಿಟ್ಟು ಗುದ್ದಲಿ ಹುಡುಕಲು ಒಳಗೆ ಹೋಗುತ್ತಾರೆ.