ಕಾಳೀ ಕೊಳ್ಳದ ಕೋವಿಗಳು

ಧಾರವಾಡವನ್ನು ಬಿಟ್ಟು ಹಳಿಯಾಳದ ಹಾದಿ ಹಿಡಿದ ಪ್ರವಾಸಿಗೆ, ಬಯಲುಸೀಮೆ ಮುಗಿದುದೆಲ್ಲಿ, ಮಲೆನಾಡು ಮೊದಲಾದುದೆಲ್ಲಿ ಎಂಬುದು ತಿಳಿಯುವುದೇ ಇಲ್ಲ. ಕಬ್ಬು-ಭತ್ತಗಳ ಹಸುರು ಕಣ್ಣಿಗೆ ತಂಪೆರೆಯುತ್ತಿರುವಂತೆಯೇ ತೇಗದ ಮರಗಳು ಇಕ್ಕೆಲಗಳಲ್ಲಿ ಸಾಲುಗಟ್ಟುತ್ತವೆ. ದಾಂಡೇಲಿ ಸಮೀಪಿಸಿದಾಗ ಬಿದಿರುಮೆಳೆಗಳೊಡನೆ ಕಾಗದದ ಕಾರ್ಖಾನೆಯ ಹೊಗೆಕೊಳವೆಯೂ ಕಾಣಿಸುತ್ತದೆ. ಅದರಾಚೆ ಜೋಯಿಡಾ. ಕಾಳಿ ಹುಟ್ಟುವುದು ಈ ತಾಲ್ಲೂಕಿನ ಡಿಗ್ಗಿಯಲ್ಲಿ. ಹಿಂದೆ ತಾಲ್ಲೂಕಿನ ಮುಖ್ಯ ಊರಾಗಿದ್ದ ಸೂಪಾ ಅದೇ ನದಿಯ ಅಣೆಕಟ್ಟಿನ ನೀರಿನಡಿ ಮಲಗಿದೆ. ಮುಂಡಗೋಡ ಇವೆಲ್ಲಕ್ಕೂ ಪೂರ್ವಕ್ಕಿದೆ. ಟಿಬೆಟ್ಟಿನ ನಿರಾಶ್ರಿತರಿಗೆ 1966ರಲ್ಲಿ ನೆಲೆ ಕೊಟ್ಟ ಊರು ಅದು. ನಕಾಶೆಯಲ್ಲಿ ಇವು ನಾಲ್ಕು ತಾಲ್ಲೂಕುಗಳಾದರೂ ಆನೆಗಳಿಗೆ ಒಂದೇ ಸೀಮೆ.

ಸುಗ್ಗಿಯ ಹೊತ್ತಿಗೆ ಬಂದವರು ಇಲ್ಲಿ ಇನ್ನೊಂದು ನೋಟವನ್ನೂ ಕಾಣುತ್ತಾರೆ. ಗದ್ದೆಯಂಚಿನಲ್ಲಿ ಗಳಗಳ ಮೇಲೆ ಕಟ್ಟಿದ ಮಾಳ, ಕೆಳಗೆ ಹೊಗೆಯಾಡುವ ಬೆಂಕಿ, ಮೇಲೆ ಕಂಬಳಿ ಹೊದ್ದು ಕುಳಿತ ರೈತ. ತೆನೆ ಬಲಿತ ಭತ್ತಕ್ಕೆ ಕಾಡುಹಂದಿ ಬರುತ್ತದೆ. ಆನೆಗಳ ಹಿಂಡೇ ಇಳಿದರಂತೂ ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ರೈತನ ಬಳಿ ಇರುವುದು ತಗಡಿನ ಡಬ್ಬ, ಒಂದಿಷ್ಟು ಗರ್ನಾಲು. ಕೆಲವರ ಬಳಿ ಮಾತ್ರ ತಂದೆಯ ಕಾಲದಿಂದ ಬಂದ ಕೇಪಿನ ಕೋವಿ. ಬೇಟೆಗಿಂತ ಸದ್ದಿಗೇ ಅದರ ಬಳಕೆ ಹೆಚ್ಚು. ಆನೆಯನ್ನು ಕೊಲ್ಲುವಂತಿಲ್ಲ, ಹಂದಿಯನ್ನು ಹೊಡೆಯಬೇಕಾದರೂ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು.

ಈ ಕೋವಿಯನ್ನು ರೈತನಿಗೆ ಕೊಡಿಸಿದ್ದು 1959ರ ಆಯುಧ ಕಾಯಿದೆ. ಬೆಳೆಯ ರಕ್ಷಣೆಗೆಂದು ಪ್ರಾಮಾಣಿಕವಾಗಿ ಕೇಳಿದವನಿಗೆ ಮದ್ದು ತುಂಬುವ ಕೋವಿಯ ಪರವಾನಿಗೆ ಕೊಡಬಹುದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದಕ್ಕೂ ಮೂರು ವರ್ಷ ಮೊದಲೇ, 1956ರಲ್ಲಿ, ದಾಂಡೇಲಿಯ ಕಾಡು ಅಭಯಾರಣ್ಯವಾಗಿತ್ತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಸೇರಿ ಹುಲಿ ಮೀಸಲಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರಿಟ್ಟರು. ಇವೆಲ್ಲಕ್ಕೂ ಅನ್ವಯಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರ 27ನೆಯ ವಿಧಿಯಂತೆ ಅಭಯಾರಣ್ಯದೊಳಗೆ ಜಮೀನಿನ ಹಕ್ಕುಳ್ಳವನು ಒಳಗೆ ಹೋಗಬಹುದು, ವಾಸಿಸಬಹುದು. 31ನೆಯ ವಿಧಿಯಂತೆ, ಮೊದಲೇ ಲಿಖಿತ ಅನುಮತಿ ಪಡೆಯದೆ ಯಾರೂ ಆಯುಧದೊಡನೆ ಒಳಗೆ ಕಾಲಿಡುವಂತಿಲ್ಲ. ರೈತ ಒಳಗೆ ಹೋಗಬಹುದು, ಅವನ ಕೋವಿ ಹೋಗಕೂಡದು! ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಿಗೆ ದಾರಿ ಇರುವುದೋ ಈ ಅರಣ್ಯದೊಳಗಿನಿಂದಲೇ. ಸಾಲದೆಂಬಂತೆ, ಅಭಯಾರಣ್ಯದ ಸುತ್ತ ಹತ್ತು ಕಿಲೋಮೀಟರ್ ಒಳಗಿನ ಕೋವಿದಾರರೆಲ್ಲ ಹೆಸರು ನೋಂದಾಯಿಸಬೇಕು. ಹೊಸ ಪರವಾನಿಗೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು.

ಪರವಾನಿಗೆ ಇದ್ದವನ ಕೋವಿ ಮತ್ತೊಬ್ಬನ ನೆಲದ ಹೊಸ್ತಿಲಲ್ಲಿ ಏಕೆ ನಿಲ್ಲಬೇಕು ಎಂಬ ಪ್ರಶ್ನೆ ದಾಂಡೇಲಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಓಕ್ಲಹೋಮಾ ರಾಜ್ಯದಲ್ಲಿ ವ್ಯಾಲಿಯಂಟ್ ಎಂಬ ಊರಿದೆ. ಸುತ್ತಲೂ ಕಾಡು, ನಡುವೆ ಒಂದು ಕಾಗದದ ಕಾರ್ಖಾನೆ. 2002ರ ಅಕ್ಟೋಬರಿನಲ್ಲಿ ಅಲ್ಲಿ ಕಾರು ನಿಲ್ಲಿಸುವ ಬಯಲನ್ನು ಶೋಧಿಸಿದಾಗ ಕೆಲವು ಕೆಲಸಗಾರರ ವಾಹನಗಳಲ್ಲಿ ಬಂದೂಕುಗಳು ಸಿಕ್ಕಿದವು. ಅವರು ಕೆಲಸ ಕಳೆದುಕೊಂಡರು. ‘ಕಾರು ನಮ್ಮದು, ಬಂದೂಕೂ ನಮ್ಮದು’ ಎಂಬುದು ಅವರ ವಾದ. ‘ಬಯಲು ನಮ್ಮದು’ ಎಂಬುದು ಧಣಿಗಳದು. 2004ರಲ್ಲಿ ಶಾಸನಸಭೆ ಕೆಲಸಗಾರರ ಪರ ಕಾನೂನು ಮಾಡಿತು. ಬೀಗ ಹಾಕಿದ ಕಾರಿನೊಳಗಿನ ಬಂದೂಕನ್ನು ಧಣಿ ನಿಷೇಧಿಸುವಂತಿಲ್ಲವೆಂದಿತು. ಉದ್ಯಮಿಗಳು ನ್ಯಾಯಾಲಯಕ್ಕೆ ಹೋದರೂ 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಆ ದೇಶದಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು. ನಮ್ಮಲ್ಲಿ ಅದು ಸರಕಾರ ಕೊಟ್ಟ ಅನುಮತಿ. ಕೊಡಗಿನವರಿಗೆ ವಿನಾಯಿತಿಯುಂಟು, ಅದನ್ನು 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಒಪ್ಪಿದೆ. ಜೋಯಿಡಾದ ಕುಣಬಿಗೆ ಅಂಥ ಭಾಗ್ಯವಿಲ್ಲ. ಅವನ ಹಿರಿಯರ ಕುಮ್ರಿ ಬೇಸಾಯವನ್ನು ಆಂಗ್ಲರ ಅರಣ್ಯ ಇಲಾಖೆ ಹತ್ತಿಕ್ಕಿತು. ಇಂದು ಅವನ ಸುತ್ತಲಿನ ನೆಲಕ್ಕೆ ಸರಕಾರವೇ ಧಣಿ, ಕೋವಿಯ ಪರವಾನಿಗೆ ಕೊಡುವುದೂ ಸರಕಾರವೇ. ಒಂದು ಕೈ ಕೊಟ್ಟುದನ್ನು ಇನ್ನೊಂದು ಕೈ ತಡೆದಾಗ ಅವನು ದೂರುವುದಾದರೂ ಯಾರಲ್ಲಿ?

ಹಾಗೆಂದು ಅರಣ್ಯರಕ್ಷಕನ ಕಷ್ಟವೂ ಸಣ್ಣದಲ್ಲ. ಕತ್ತಲಲ್ಲಿ ಎದುರಾದವನ ಹೆಗಲ ಮೇಲಿನ ಕೋವಿ ಬೆಳೆಗೋ ಬೇಟೆಗೋ ಎಂದು ಅವನು ಹೇಗೆ ಬಲ್ಲ? ಕಾನೂನು ಬರೆದವರ ಕಣ್ಣಮುಂದೆ ಇದ್ದವನು ಕಳ್ಳಬೇಟೆಗಾರ. ಅವನನ್ನು ತಡೆದುದರಿಂದಲೇ ಇಲ್ಲಿ ಹುಲಿಯೂ ಕರಿಚಿರತೆಯೂ ಉಳಿದಿವೆ ಎಂಬುದನ್ನು ರೈತರೂ ಅಲ್ಲಗಳೆಯಲಾರರು. ಆದರೂ ಪರವಾನಿಗೆ ಕೊಡುವಾಗಲೇ ಮನೆಯಿಂದ ಗದ್ದೆಗೆ ಹೋಗುವ ಹಾದಿಯನ್ನೂ ಅದರಲ್ಲಿ ಬರೆದು, ಅರಣ್ಯ ಇಲಾಖೆಯ ಮುದ್ರೆಯನ್ನು ಜೊತೆಗೇ ಒತ್ತಿಸಿಕೊಟ್ಟರೆ ಅರ್ಧ ತಗಾದೆ ತೀರೀತು.

ಚುನಾವಣೆ ಘೋಷಣೆಯಾದರಂತೂ ಕೋವಿಗಳು ಪೊಲೀಸ್ ಠಾಣೆ ಸೇರುತ್ತವೆ. ವಿನಾಯಿತಿ ಬೇಕಾದವರು ಜಿಲ್ಲೆಯ ಪರಿಶೀಲನಾ ಸಮಿತಿಗೆ ಅರ್ಜಿ ಹಾಕಬೇಕು. 2023ರಲ್ಲೂ 2024ರಲ್ಲೂ ಮೇ ತಿಂಗಳಲ್ಲಿ ಮತದಾನ ನಡೆಯಿತು. ಕೋವಿ ಒಪ್ಪಿಸಿ ರಸೀದಿ ಪಡೆದ ರೈತ ಅದನ್ನು ಮಡಿಸಿ ಕಿಸೆಗಿಟ್ಟು, ಸಂತೆಯಲ್ಲಿ ಗರ್ನಾಲು ಕೊಂಡು, ಕೊನೆಯ ಬಸ್ಸಿಗೆ ಊರ ಕಡೆ ಹೊರಡುತ್ತಾನೆ. ಕತ್ತಲಾಗುವುದರೊಳಗೆ ಅವನು ಮಾಳ ಹತ್ತಬೇಕು.